ಹಣ್ಣಿನ ಬೆಳೆಗಳ ಸುಧಾರಣೆಯಲ್ಲಿ ವಂಶವಾಹಿ ತಂತ್ರ: ಟ್ರಾಂಬೆಯ ಬಾಳೆ ಸಂಶೋಧನೆ

ಬಾಳೆ ಭಾರತೀಯರ ಬದುಕಿನೊಡನೆ ಹುಟ್ಟಿನಿಂದ ಕೊನೆಯವರೆಗೆ ಬೆಸೆದುಕೊಂಡಿರುವ ಬೆಳೆ. ಮದುವೆಯ ಚಪ್ಪರಕ್ಕೆ ಅದರ ಕಂಬ, ಊಟಕ್ಕೆ ಅದರ ಎಲೆ, ಪೂಜೆಗೆ ಮತ್ತು ಮಗುವಿನ ಮೊದಲ ತುತ್ತಿಗೆ ಅದರ ಹಣ್ಣು ಬೇಕು. ದಿಂಡು ಮತ್ತು ಹೂವುಗಳು ಪಲ್ಯಕ್ಕೆ ಒದಗುತ್ತವೆ. ಮುಂಬಯಿಯಂತಹ ಮಹಾನಗರದಲ್ಲಿಯೂ ಈ ನಂಟು ಕಡಿದುಹೋಗಿಲ್ಲ. ಮಾಟುಂಗಾದ ಮಾರುಕಟ್ಟೆಯಲ್ಲಿ ಬಾಳೆಯೆಲೆ, ಬಾಳೆಹೂವು ಮತ್ತು ಬಾಳೆದಿಂಡುಗಳನ್ನು ಕೊಳ್ಳಲು ದಕ್ಷಿಣ ಭಾರತದ ಕುಟುಂಬಗಳು ಇಂದಿಗೂ ಬರುತ್ತವೆ. ಕನ್ನಡಿಗರು ಏಲಕ್ಕಿ ಬಾಳೆ ಎಂದು ಕರೆಯುವ ಪುಟ್ಟ ಹಣ್ಣನ್ನು ಅಲ್ಲಿನ ಮರಾಠಿ ವ್ಯಾಪಾರಿಗಳು ವೇಲ್ಚಿ ಎನ್ನುತ್ತಾರೆ. ನಗರದ ಉತ್ತರಕ್ಕಿರುವ ವಸಯಿಯ ತೋಟಗಳಲ್ಲಿ ಬೆಳೆಯುವ ರಾಜೇಳಿ ಬಾಳೆಯನ್ನು ಬಿಸಿಲಿನಲ್ಲಿ ಒಣಗಿಸಿ ತಯಾರಿಸುವ ಸುಕೇಳಿ ಬಹುಕಾಲದಿಂದ ಪ್ರಸಿದ್ಧವಾಗಿದೆ.

ಇಷ್ಟು ಪರಿಚಿತವಾದ ಈ ಬೆಳೆ ಒಳಗಿನಿಂದ ಬಹಳ ದುರ್ಬಲವಾದುದು ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡಿನ ರಸಬಾಳೆ ಇದಕ್ಕೆ ಸಾಕ್ಷಿ. ಸುವಾಸನೆಗೂ ಸಿಹಿಗೂ ಹೆಸರಾದ, ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದ ಈ ತಳಿಯ ತೋಟಗಳು ಪನಾಮ ಸೊರಗು ರೋಗಕ್ಕೆ ತುತ್ತಾಗಿ ಬೆರಳೆಣಿಕೆಯಷ್ಟಾದವು. ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಗಿಡವನ್ನು ಪ್ರವೇಶಿಸಿ ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ, ಗೊನೆ ಬಲಿಯುವ ಮುನ್ನವೇ ಗಿಡ ಸಾಯುತ್ತದೆ. ಒಮ್ಮೆ ಮಣ್ಣು ಸೇರಿದ ಈ ಶಿಲೀಂಧ್ರ ದಶಕಗಳವರೆಗೆ ಅಲ್ಲಿಯೇ ಉಳಿಯಬಲ್ಲದು. ಸಿಂಪಡಿಸಿ ಅದನ್ನು ನಿರ್ಮೂಲ ಮಾಡಬಲ್ಲ ಔಷಧಿ ಇಲ್ಲ. ಆದುದರಿಂದ ರೈತನ ಮುಂದೆ ಎರಡೇ ದಾರಿಗಳು ಉಳಿಯುತ್ತವೆ: ಬೇರೆ ತಳಿಯನ್ನು ನೆಡುವುದು, ಇಲ್ಲವೇ ರೋಗವನ್ನು ತಡೆದುಕೊಳ್ಳುವಂತೆ ಅದೇ ತಳಿಯನ್ನು ಸುಧಾರಿಸುವುದು.

ಈ ಎರಡನೆಯ ದಾರಿಯನ್ನು ಹುಡುಕುವ ಕಾರ್ಯದಲ್ಲಿ ಮುಂಬಯಿಯ ಪೂರ್ವ ಉಪನಗರದಲ್ಲಿರುವ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಹಲವು ದಶಕಗಳಿಂದ ನಿರತವಾಗಿದೆ. ಪರಮಾಣು ಸಂಸ್ಥೆಗೂ ಬಾಳೆಗೂ ಏನು ಸಂಬಂಧ, ವಂಶವಾಹಿಯನ್ನು ಮಾರ್ಪಡಿಸುವುದು ಎಂದರೇನು, ಅದರಿಂದ ಆಗಿರುವುದೇನು, ಆಗದಿರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಣ್ಣಿನ ಬೆಳೆಗಳ ಸುಧಾರಣೆ ಏಕೆ ಕಷ್ಟ?

ಭತ್ತ ಅಥವಾ ಗೋಧಿಯ ಎರಡು ತಳಿಗಳನ್ನು ಸಂಕರಗೊಳಿಸಿದರೆ ಕೆಲವೇ ತಿಂಗಳುಗಳಲ್ಲಿ ಮುಂದಿನ ಪೀಳಿಗೆ ಕೈಸೇರುತ್ತದೆ. ಹಣ್ಣಿನ ಮರಗಳ ಸ್ಥಿತಿ ಹಾಗಲ್ಲ. ಮಾವಿನ ಓಟೆಯಿಂದ ಹುಟ್ಟಿದ ಸಸಿ ಫಲ ಕೊಡಲು ಅನೇಕ ವರ್ಷಗಳು ಬೇಕು. ಆ ಫಲವೂ ತಾಯಿಮರದಂತೆಯೇ ಇರುತ್ತದೆ ಎಂಬ ಭರವಸೆಯಿಲ್ಲ. ಪ್ರತಿಯೊಂದು ಮರವೂ ತಂದೆ ತಾಯಿಯರಿಂದ ಪಡೆದ ಭಿನ್ನ ಗುಣಗಳ ಮಿಶ್ರಣವಾಗಿರುವುದರಿಂದ ಬೀಜದಲ್ಲಿ ಆ ಗುಣಗಳು ಹೊಸದಾಗಿ ಹಂಚಿಹೋಗುತ್ತವೆ. ಈ ಕಾರಣದಿಂದಲೇ ಆಪೂಸಿನಂತಹ ಉತ್ತಮ ತಳಿಯನ್ನು ಕಸಿ ಕಟ್ಟಿ ಉಳಿಸಿಕೊಳ್ಳಲಾಗುತ್ತದೆ. ಕಸಿಯಿಂದ ಗುಣ ಉಳಿಯುತ್ತದೆ. ಆದರೆ ದೋಷವೂ ಅದರ ಜೊತೆಯಲ್ಲಿಯೇ ಉಳಿಯುತ್ತದೆ.

ಸಂಕರಣದಿಂದ ಮಾವನ್ನು ಸುಧಾರಿಸುವುದು ಅಸಾಧ್ಯವೇನಲ್ಲ. ಕೊಂಕಣದ ವೆಂಗುರ್ಲಾದ ಹಣ್ಣು ಸಂಶೋಧನಾ ಕೇಂದ್ರದಲ್ಲಿ ನೀಲಂ ಮತ್ತು ಆಪೂಸುಗಳ ಸಂಕರಣದಿಂದ ರತ್ನಾ ಎಂಬ ತಳಿಯನ್ನು ಪಡೆದು 1981ರಲ್ಲಿ ಬಿಡುಗಡೆ ಮಾಡಲಾಯಿತು. ಅದನ್ನು ಮತ್ತೆ ಆಪೂಸಿನೊಡನೆ ಕೂಡಿಸಿ ಪಡೆದ ಸಿಂಧು ತಳಿ 1992ರಲ್ಲಿ ಹೊರಬಂದಿತು. ಎರಡು ಹೆಜ್ಜೆಗಳ ನಡುವೆ ಹನ್ನೊಂದು ವರ್ಷಗಳು ಕಳೆದುವೆಂಬುದನ್ನು ಗಮನಿಸಬೇಕು. ಹಣ್ಣಿನ ಮರದ ತಳಿ ಸಂವರ್ಧಕನು ತನ್ನ ಇಡೀ ಸೇವಾವಧಿಯಲ್ಲಿ ಇಂತಹ ಕೆಲವೇ ಪೀಳಿಗೆಗಳನ್ನು ಕಾಣಬಲ್ಲನು.

ಬಾಳೆಯ ಸಮಸ್ಯೆ ಇನ್ನೂ ಜಟಿಲವಾದುದು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಬಾಳೆ ಮರವೇ ಅಲ್ಲ, ಅದೊಂದು ಬೃಹತ್ ಮೂಲಿಕೆ. ಕಾಂಡದಂತೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆತೊಟ್ಟುಗಳು. ನಿಜವಾದ ಕಾಂಡವು ನೆಲದೊಳಗಿನ ಗೆಡ್ಡೆಯಾಗಿರುತ್ತದೆ. ಕಾಡುಬಾಳೆಯ ಹಣ್ಣಿನಲ್ಲಿ ಕಲ್ಲಿನಂತಹ ಬೀಜಗಳು ತುಂಬಿರುತ್ತವೆ. ಮನುಷ್ಯನು ತಿನ್ನುವ ಬಾಳೆ ಬೀಜವಿಲ್ಲದುದು. ಸಾಮಾನ್ಯ ಸಸ್ಯದ ಜೀವಕೋಶದಲ್ಲಿ ವರ್ಣತಂತುಗಳು ಎರಡು ಕಟ್ಟುಗಳಾಗಿರುತ್ತವೆ. ಕಾಡುಬಾಳೆಯಲ್ಲಿ ಹನ್ನೊಂದರ ಎರಡು ಕಟ್ಟು, ಅಂದರೆ 22 ವರ್ಣತಂತುಗಳಿವೆ. ಪಚ್ಚಬಾಳೆ, ರಸಬಾಳೆ ಮೊದಲಾದವುಗಳಲ್ಲಿ ಮೂರು ಕಟ್ಟುಗಳಿದ್ದು ಒಟ್ಟು 33 ವರ್ಣತಂತುಗಳಿರುತ್ತವೆ. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು. ಆದುದರಿಂದ ಪರಾಗವಾಗಲಿ ಅಂಡವಾಗಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ, ಬೀಜ ಕಟ್ಟುವುದಿಲ್ಲ. ತಿನ್ನುವವನಿಗೆ ಇದು ವರ, ತಳಿ ಸಂವರ್ಧಕನಿಗೆ ಶಾಪ.

ಬೀಜವಿಲ್ಲದ ಬಾಳೆಯನ್ನು ಕಂದುಗಳಿಂದಲೇ ಬೆಳೆಸಬೇಕು. ಕಂದು ತಾಯಿಯ ಪಡಿಯಚ್ಚು. ಒಂದು ತೋಟದ ಸಾವಿರ ಗಿಡಗಳು ವಾಸ್ತವವಾಗಿ ಒಂದೇ ಗಿಡದ ಸಾವಿರ ಪ್ರತಿಗಳು. ಒಂದು ಗಿಡವನ್ನು ಕೊಲ್ಲಬಲ್ಲ ರೋಗವು ಎಲ್ಲವನ್ನೂ ಕೊಲ್ಲಬಲ್ಲದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲ್ಯಾಟಿನ್ ಅಮೆರಿಕದ ರಫ್ತು ತೋಟಗಳನ್ನು ತುಂಬಿದ್ದ ಗ್ರೋ ಮಿಷೆಲ್ ತಳಿಯನ್ನು ಪನಾಮ ಸೊರಗು ರೋಗ ಅಳಿಸಿಹಾಕಿದಾಗ ಇದು ಜಗತ್ತಿಗೆ ಮನದಟ್ಟಾಯಿತು. ಅದರ ಸ್ಥಾನಕ್ಕೆ ರೋಗವನ್ನು ತಡೆದುಕೊಂಡ ಕ್ಯಾವೆಂಡಿಷ್ ವರ್ಗದ ಬಾಳೆ ಬಂದಿತು. ಈಗ ಅದೇ ಶಿಲೀಂಧ್ರದ ಟಿಆರ್-4 ಎಂಬ ಹೊಸ ಪ್ರಭೇದವು ಕ್ಯಾವೆಂಡಿಷನ್ನೂ ಕೊಲ್ಲತೊಡಗಿದೆ. ಭಾರತದಲ್ಲಿ ಇದು ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ಪ್ರಪಂಚದಲ್ಲಿಯೇ ಅತ್ಯಧಿಕ ಬಾಳೆಯನ್ನು, ವರ್ಷಕ್ಕೆ ಮೂರು ಕೋಟಿ ಟನ್ನಿಗೂ ಹೆಚ್ಚಾಗಿ, ಬೆಳೆಯುವ ರಾಷ್ಟ್ರಕ್ಕೆ ಇದು ಅಲಕ್ಷಿಸಬಹುದಾದ ಸಂಗತಿಯಲ್ಲ.

ಟ್ರಾಂಬೆಯ ಮೊದಲ ದಾರಿ: ವಿಕಿರಣ

ಟ್ರಾಂಬೆಯ ಸಂಸ್ಥೆಯು 1954ರಲ್ಲಿ ಪರಮಾಣು ಶಕ್ತಿ ಸಂಸ್ಥೆಯಾಗಿ ಆರಂಭವಾಯಿತು. 1966ರ ಜನವರಿಯಲ್ಲಿ ಡಾ. ಹೋಮಿ ಭಾಭಾ ಅವರು ವಿಮಾನ ಅಪಘಾತದಲ್ಲಿ ಮಡಿದ ಮರುವರ್ಷ ಅದಕ್ಕೆ ಅವರ ಹೆಸರನ್ನಿಡಲಾಯಿತು. ವಿಕಿರಣವನ್ನು ಕೃಷಿಗೆ ಬಳಸುವ ಕಾರ್ಯವು ಅಲ್ಲಿ ಬಹಳ ಹಿಂದೆಯೇ ಆರಂಭವಾಗಿತ್ತು. ಎಕ್ಸ್-ಕಿರಣ ಅಥವಾ ಗಾಮಾ ಕಿರಣಗಳು ಬೀಜವನ್ನು ಹಾಯ್ದು ಹೋಗುವಾಗ ಜೀವಕೋಶದಲ್ಲಿರುವ ಡಿಎನ್ಎ ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಜೀವಕೋಶವು ಅವನ್ನು ಮತ್ತೆ ಜೋಡಿಸುವಾಗ ಕೆಲವು ತಪ್ಪುಗಳು ಉಳಿದುಬಿಡುತ್ತವೆ. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಇಂತಹ ಬದಲಾವಣೆಗಳು ನಿಸರ್ಗದಲ್ಲಿಯೂ ನಡೆಯುತ್ತಲೇ ಇರುತ್ತವೆ. ವಿಕಿರಣವು ಅವುಗಳ ವೇಗವನ್ನು ಹೆಚ್ಚಿಸುತ್ತದೆ, ಅಷ್ಟೇ. ಬದಲಾವಣೆಗಳಲ್ಲಿ ಬಹುಪಾಲು ಹಾನಿಕರ ಇಲ್ಲವೇ ನಿರುಪಯುಕ್ತ. ಸಾವಿರಾರು ಸಸಿಗಳ ನಡುವೆ ಉಪಯುಕ್ತವಾದುದೊಂದನ್ನು ಕಂಡುಹಿಡಿಯುವುದೇ ವಿಜ್ಞಾನಿಯ ಶ್ರಮ. ಈ ವಿಧಾನದಿಂದ ಟ್ರಾಂಬೆಯ ಮೊದಲ ಶೇಂಗಾ ತಳಿ ಟಿಜಿ-1 1973ರಲ್ಲಿ ಬಿಡುಗಡೆಯಾಯಿತು. ಅಂದಿನಿಂದ ಶೇಂಗಾ, ಉದ್ದು, ಹೆಸರು, ತೊಗರಿ, ಸಾಸಿವೆ ಮುಂತಾದ ಬೆಳೆಗಳಲ್ಲಿ ಎಪ್ಪತ್ತಕ್ಕೂ ಅಧಿಕ ತಳಿಗಳು ಈ ಕೇಂದ್ರದಿಂದ ರೈತರನ್ನು ತಲುಪಿವೆ.

ಬೀಜವೇ ಇಲ್ಲದ ಬಾಳೆಗೆ ವಿಕಿರಣ ಕೊಡುವುದು ಹೇಗೆ? ಇದಕ್ಕೆ ಅಂಗಾಂಶ ಕೃಷಿ ನೆರವಾಯಿತು. ಗೆಡ್ಡೆಯ ಬೆಳೆಯುವ ತುದಿಯನ್ನು ಸೂಕ್ಷ್ಮವಾಗಿ ಕತ್ತರಿಸಿ, ಸಕ್ಕರೆ, ಲವಣ ಮತ್ತು ಸಸ್ಯ ಹಾರ್ಮೋನುಗಳುಳ್ಳ ಮಾಧ್ಯಮದಲ್ಲಿಟ್ಟರೆ ಅದರಿಂದ ಅನೇಕ ಚಿಗುರುಗಳು ಒಡೆಯುತ್ತವೆ. ಟ್ರಾಂಬೆಯ ವಿಜ್ಞಾನಿಗಳು ಇಂತಹ ಬಾಳೆ ಚಿಗುರುಗಳನ್ನು ಪಾಚಿಯಿಂದ ದೊರೆಯುವ ಆಲ್ಜಿನೇಟ್ ಎಂಬ ಅಂಟಿನ ಮಣಿಗಳೊಳಗೆ ಇರಿಸಿ ಬೀಜದಂತೆ ಬಳಸುವ ವಿಧಾನವನ್ನು 1992ರಲ್ಲಿ ಪ್ರಕಟಿಸಿದರು. ಗಾಮಾ ಕಿರಣಗಳಿಗೆ ಒಡ್ಡಿದ ಚಿಗುರುಗಳನ್ನು ಹಲವು ಬಾರಿ ಮರುಬೆಳೆಸಿ, ಬದಲಾವಣೆ ಸ್ಥಿರವಾಗಿದೆಯೇ ಎಂಬುದನ್ನು ಪರೀಕ್ಷಿಸಿ, ಆಮೇಲೆ ತೋಟದಲ್ಲಿ ನೆಟ್ಟು ನೋಡಬೇಕಾಗುತ್ತದೆ.

ಈ ದೀರ್ಘ ಪ್ರಯತ್ನದ ಫಲವೇ ಟ್ರಾಂಬೆ ಬಾಳೆ ಉತ್ಪರಿವರ್ತಿತ-9 ಎಂಬ ತಳಿ. ವ್ಯಾಪಕವಾಗಿ ಬೆಳೆಯಲಾಗುವ ಗ್ರ್ಯಾಂಡ್ ನೈನ್ ಬಾಳೆಯಿಂದ ಪಡೆದ ಇದನ್ನು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದ ಸಹಯೋಗದಲ್ಲಿ ವಿವಿಧ ಸ್ಥಳಗಳಲ್ಲಿ ಪರೀಕ್ಷಿಸಿ, "ಕಾವೇರಿ ವಾಮನ" ಎಂದು ಹೆಸರಿಸಲಾಯಿತು. 2025–26ರ ಅವಧಿಯಲ್ಲಿ ಇದು ಕೇಂದ್ರ ಸರ್ಕಾರದ ಅಧಿಸೂಚನೆಯನ್ನು ಪಡೆದು ದೇಶದ ಮೊದಲ ಉತ್ಪರಿವರ್ತಿತ ಬಾಳೆ ತಳಿಯೆನಿಸಿತು. ಹೆಸರೇ ಹೇಳುವಂತೆ ಇದು ಗಿಡ್ಡ ತಳಿ. ಎತ್ತರದ ಗಿಡಗಳು ಗೊನೆಯ ಭಾರಕ್ಕೂ ಬಿರುಗಾಳಿಗೂ ಮುರಿದುಬೀಳುವುದರಿಂದ ರೈತನು ಪ್ರತಿ ಗಿಡಕ್ಕೂ ಆಸರೆಗೋಲು ಕೊಡಬೇಕಾಗುತ್ತದೆ. ಕೋಲು, ಹಗ್ಗ, ಕೂಲಿ ಎಲ್ಲವೂ ಖರ್ಚಿನ ಬಾಬ್ತುಗಳೇ. ಗಿಡ್ಡ ಗಿಡಕ್ಕೆ ಈ ತೊಂದರೆ ಕಡಿಮೆ. ತಾಯಿ ತಳಿಗಿಂತ ಸುಮಾರು ಒಂದೂವರೆ ತಿಂಗಳು ಮುಂಚಿತವಾಗಿ ಇದು ಕಟಾವಿಗೆ ಬರುತ್ತದೆ, ಹಣ್ಣಿನ ರುಚಿಯಲ್ಲಿ ವ್ಯತ್ಯಾಸವಿಲ್ಲ.

ಮೂರು ಬೇರೆ ಬೇರೆ ಸಂಗತಿಗಳು

ವಿಕಿರಣ ಎಂಬ ಶಬ್ದವನ್ನು ಕೇಳಿದೊಡನೆ ಜನರಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಮೂಡುವುದುಂಟು. ಮೂರು ಭಿನ್ನ ಸಂಗತಿಗಳನ್ನು ಇಲ್ಲಿ ಪ್ರತ್ಯೇಕಿಸಿ ತಿಳಿಯಬೇಕು.

ಮೊದಲನೆಯದು ಆಹಾರ ಸಂಸ್ಕರಣೆ. ಕಿತ್ತ ಹಣ್ಣಿನೊಳಗಿನ ಕೀಟಗಳನ್ನು ನಿಷ್ಕ್ರಿಯಗೊಳಿಸಲು ಅಥವಾ ಈರುಳ್ಳಿ ಮೊಳೆಯದಂತೆ ತಡೆಯಲು ಗಾಮಾ ಕಿರಣಗಳನ್ನು ಬಳಸುವ ವಿಧಾನ ಇದು. 2007ರಲ್ಲಿ ಭಾರತದ ಮಾವು ಅಮೆರಿಕದ ಮಾರುಕಟ್ಟೆಯನ್ನು ಮತ್ತೆ ಪ್ರವೇಶಿಸಲು ನಾಸಿಕ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿರುವ ಇಂತಹ ಸ್ಥಾವರವೇ ನೆರವಾಯಿತು. ಇಲ್ಲಿ ಮರವೂ ಬದಲಾಗುವುದಿಲ್ಲ, ಅದರ ಮುಂದಿನ ಪೀಳಿಗೆಯೂ ಬದಲಾಗುವುದಿಲ್ಲ. ಹಣ್ಣು ವಿಕಿರಣಶೀಲವಾಗುವುದೂ ಇಲ್ಲ.

ಎರಡನೆಯದು ಮೇಲೆ ವಿವರಿಸಿದ ಉತ್ಪರಿವರ್ತನೆ. ಇಲ್ಲಿ ಗಿಡದ ಸ್ವಂತ ವಂಶವಾಹಿಗಳಲ್ಲಿಯೇ ಬದಲಾವಣೆಯಾಗುತ್ತದೆ. ಎಲ್ಲಿ ಆಗಬೇಕೆಂಬುದನ್ನು ವಿಜ್ಞಾನಿ ನಿರ್ಧರಿಸಲಾರನು. ವಿಕಿರಣಕ್ಕೆ ಒಡ್ಡಿದುದು ಚಿಗುರನ್ನು ಮಾತ್ರ. ಅನೇಕ ಪೀಳಿಗೆಗಳ ನಂತರ ದೊರೆಯುವ ಹಣ್ಣಿಗೂ ಆ ಕಿರಣಕ್ಕೂ ಯಾವ ಸಂಪರ್ಕವೂ ಇಲ್ಲ.

ಮೂರನೆಯದು ವಂಶವಾಹಿ ವರ್ಗಾವಣೆ. ಬೇಕಾದ ಗುಣವನ್ನುಂಟುಮಾಡುವ ನಿರ್ದಿಷ್ಟ ವಂಶವಾಹಿಯನ್ನು ಗುರುತಿಸಿ, ಅದು ಬೇರೆ ಜೀವಿಯದಾಗಿದ್ದರೂ ಸರಿ, ಗಿಡದ ಜೀವಕೋಶದೊಳಗೆ ಸೇರಿಸುವ ವಿಧಾನ ಇದು. ಹೀಗೆ ಪಡೆದ ಸಸ್ಯವನ್ನು ಕುಲಾಂತರಿ ಎನ್ನುತ್ತಾರೆ.

ವಂಶವಾಹಿಯನ್ನು ಸೇರಿಸುವ ಬಗೆ

ಮಣ್ಣಿನಲ್ಲಿ ಆಗ್ರೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯೊಂದಿದೆ. ಇದು ಗಿಡದ ಗಾಯದ ಮೂಲಕ ಒಳಹೊಕ್ಕು ತನ್ನ ಡಿಎನ್ಎಯ ಒಂದು ತುಣುಕನ್ನು ಗಿಡದ ವರ್ಣತಂತುವಿಗೆ ಸೇರಿಸಿಬಿಡುತ್ತದೆ. ಅದರಿಂದ ಗಿಡದಲ್ಲಿ ಗಂಟು ಬೆಳೆದು, ಆ ಗಂಟು ಸೂಕ್ಷ್ಮಜೀವಿಗೆ ಆಹಾರ ಒದಗಿಸುತ್ತದೆ. ಮನುಷ್ಯನು ಕಂಡುಹಿಡಿಯುವ ಎಷ್ಟೋ ಕಾಲದ ಮೊದಲೇ ನಿಸರ್ಗದಲ್ಲಿ ನಡೆಯುತ್ತಿದ್ದ ವಂಶವಾಹಿ ವರ್ಗಾವಣೆ ಇದು. ವಿಜ್ಞಾನಿಗಳು ಈ ಸೂಕ್ಷ್ಮಜೀವಿಯಿಂದ ಗಂಟು ಬೆಳೆಸುವ ಭಾಗವನ್ನು ತೆಗೆದುಹಾಕಿ, ಅಲ್ಲಿ ತಮಗೆ ಬೇಕಾದ ವಂಶವಾಹಿಯನ್ನಿಟ್ಟು, ಅದನ್ನೊಂದು ವಾಹಕವನ್ನಾಗಿ ಬಳಸುತ್ತಾರೆ.

ಬಾಳೆಯಲ್ಲಿ ಈ ಕಾರ್ಯವು ಗೊನೆಯ ತುದಿಯಲ್ಲಿ ತೂಗುವ ಹೂಮೊಗ್ಗಿನಿಂದ ಆರಂಭವಾಗುತ್ತದೆ. ಕರಾವಳಿಯಲ್ಲಿ ಪೂಂಬೆ ಎಂದು ಕರೆದು ಪಲ್ಯ ಮಾಡುವ ಮೊಗ್ಗು ಇದೇ. ಅದರ ಒಳಪದರಗಳಲ್ಲಿರುವ ಎಳೆಯ ಗಂಡುಹೂಗಳನ್ನು ಮಾಧ್ಯಮದಲ್ಲಿಟ್ಟು ತಿಂಗಳುಗಟ್ಟಲೆ ಕಾದರೆ ಕೆಲವು ಹೂಗಳಿಂದ ಭ್ರೂಣವಾಗಬಲ್ಲ ಜೀವಕೋಶಗಳ ಮುದ್ದೆ ಬೆಳೆಯುತ್ತದೆ. ಅದನ್ನು ದ್ರವದಲ್ಲಿ ಅಲುಗಾಡಿಸುತ್ತ ಬೆಳೆಸಿದಾಗ ಜೀವಕೋಶಗಳು ಬಿಡಿಬಿಡಿಯಾಗಿ ತೇಲುತ್ತವೆ. ಇವುಗಳೊಡನೆ ಸಿದ್ಧಪಡಿಸಿದ ಆಗ್ರೋಬ್ಯಾಕ್ಟೀರಿಯಂ ಅನ್ನು ಕೆಲವು ದಿನ ಇರಿಸಲಾಗುತ್ತದೆ. ಲಕ್ಷಾಂತರ ಜೀವಕೋಶಗಳಲ್ಲಿ ಕೆಲವು ಮಾತ್ರ ಹೊಸ ವಂಶವಾಹಿಯನ್ನು ಸ್ವೀಕರಿಸುತ್ತವೆ. ಅವುಗಳನ್ನು ಗುರುತಿಸಲು ಅದರ ಜೊತೆಯಲ್ಲಿಯೇ ಒಂದು ಪ್ರತಿಜೀವಕವನ್ನು ತಡೆದುಕೊಳ್ಳುವ ವಂಶವಾಹಿಯನ್ನೂ ಸೇರಿಸಿರುತ್ತಾರೆ. ಪ್ರತಿಜೀವಕವುಳ್ಳ ಮಾಧ್ಯಮದಲ್ಲಿ ಉಳಿದವೆಲ್ಲ ಸತ್ತು, ಸ್ವೀಕರಿಸಿದವು ಮಾತ್ರ ಬದುಕುತ್ತವೆ. ಒಂದೊಂದು ಜೀವಕೋಶವೂ ಭ್ರೂಣವಾಗಿ, ಸಸಿಯಾಗಿ ಬೆಳೆಯುತ್ತದೆ. ಇಡೀ ಗಿಡವು ಒಂದೇ ಜೀವಕೋಶದಿಂದ ಹುಟ್ಟಿರುವುದರಿಂದ ಅದರ ಎಲ್ಲ ಭಾಗಗಳಲ್ಲಿಯೂ ಹೊಸ ವಂಶವಾಹಿ ಇರುತ್ತದೆ. ಕಂದುಗಳ ಮೂಲಕ ಅದು ಮುಂದಕ್ಕೂ ಸಾಗುತ್ತದೆ.

ಟ್ರಾಂಬೆಯಲ್ಲಿ ಪ್ರಯತ್ನಿಸಿದ ಗುಣಗಳು

ಭಾಭಾ ಕೇಂದ್ರದ ಟಿ.ಆರ್. ಗಣಪತಿ ಹಾಗೂ ಸಂಗಡಿಗರು ಈ ವಿಧಾನವನ್ನು ಮುಖ್ಯವಾಗಿ ರಸ್ತಾಳಿ ಬಾಳೆಯಲ್ಲಿ ಪಳಗಿಸಿದರು. ರಸ್ತಾಳಿಯೂ ನಂಜನಗೂಡಿನ ರಸಬಾಳೆಯೂ ಒಂದೇ ವರ್ಗಕ್ಕೆ ಸೇರಿದವು, ಎರಡೂ ಪನಾಮ ರೋಗಕ್ಕೆ ಬಲಿಯಾಗುವಂಥವು. ಆದುದರಿಂದ ಮುಂಬಯಿಯಲ್ಲಿ ನಡೆದ ಈ ಸಂಶೋಧನೆ ಕರ್ನಾಟಕದ ರೈತನಿಗೆ ದೂರದ ವಿಷಯವಲ್ಲ.

ಸೊರಗು ರೋಗದ ವಿರುದ್ಧ ಎರಡು ಉಪಾಯಗಳನ್ನು ಕೈಗೊಳ್ಳಲಾಯಿತು. ಪೆಟೂನಿಯಾ ಎಂಬ ಅಲಂಕಾರ ಸಸ್ಯದ ಹೂವಿನಲ್ಲಿ ಶಿಲೀಂಧ್ರಗಳನ್ನು ತಡೆಯುವ ಡಿಫೆನ್ಸಿನ್ ಎಂಬ ಚಿಕ್ಕ ಪ್ರೋಟೀನುಗಳಿವೆ. ಅವುಗಳ ವಂಶವಾಹಿಯನ್ನು ಬಾಳೆಗೆ ಸೇರಿಸಿದ ಫಲಿತಾಂಶವು 2012ರಲ್ಲಿ ಪ್ರಕಟವಾಯಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಉಪಾಯವು ಹೆಚ್ಚು ಜಾಣ್ಮೆಯದು. ಇದರಲ್ಲಿ ಬಾಳೆಯು ಹೊಸ ಪ್ರೋಟೀನನ್ನೇನೂ ತಯಾರಿಸುವುದಿಲ್ಲ. ಶಿಲೀಂಧ್ರದ ಬದುಕಿಗೆ ಅತ್ಯಗತ್ಯವಾದ ವಂಶವಾಹಿಗಳಿಗೆ ಹೊಂದಿಕೊಳ್ಳುವ ಆರ್‌ಎನ್‌ಎ ತುಣುಕುಗಳನ್ನು ತಯಾರಿಸುತ್ತದೆ. ಶಿಲೀಂಧ್ರ ಗಿಡದೊಳಗೆ ಬಂದಾಗ ಆ ತುಣುಕುಗಳು ಅದರ ವಂಶವಾಹಿಗಳನ್ನು ಮೂಕಗೊಳಿಸುತ್ತವೆ. ಹಸಿರುಮನೆಯಲ್ಲಿ ರೋಗಾಣುಗಳನ್ನು ಬೆರೆಸಿದ ಮಣ್ಣಿನಲ್ಲಿ ನೆಟ್ಟಾಗ ಆಯ್ದ ಸಸಿಗಳು ರೋಗವನ್ನು ತಡೆದುಕೊಂಡವು.

ಇದೇ ತತ್ತ್ವವನ್ನು ಗೊಂಚಲು ತುದಿ ನಂಜುರೋಗಕ್ಕೂ ಅನ್ವಯಿಸಲಾಯಿತು. ಬಂಚಿ ಟಾಪ್ ಎಂದೂ ಕೃಷಿಕರು ಬಲ್ಲ ಈ ರೋಗದ ವೈರಸ್ಸನ್ನು ಬಾಳೆಯ ಸಸ್ಯಹೇನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ರೋಗ ತಗಲಿದ ಗಿಡದ ಎಲೆಗಳು ಕಿರಿದಾಗಿ ತುದಿಯಲ್ಲಿ ಗುಂಪುಗೂಡುತ್ತವೆ, ಗೊನೆ ಹೊರಬರುವುದಿಲ್ಲ. ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬಳಸುವ ವಂಶವಾಹಿಯನ್ನು ಗುರಿಯಾಗಿಸಿ ಪಡೆದ ಬಾಳೆ ಸಸಿಗಳ ಮೇಲೆ ವೈರಸ್ಸುಳ್ಳ ಹೇನುಗಳನ್ನು ಬಿಟ್ಟಾಗ ರೋಗಲಕ್ಷಣಗಳು ಕಾಣಿಸಿಕೊಳ್ಳಲಿಲ್ಲವೆಂದು 2012ರಲ್ಲಿ ವರದಿಯಾಯಿತು.

ಪೌಷ್ಟಿಕತೆಯ ಕಡೆಗೂ ಗಮನ ಹರಿಸಲಾಯಿತು. ಭಾರತದ ಮಹಿಳೆಯರಲ್ಲಿಯೂ ಮಕ್ಕಳಲ್ಲಿಯೂ ರಕ್ತಹೀನತೆ ವ್ಯಾಪಕವಾಗಿದೆ. ಸೋಯಾ ಅವರೆಯಿಂದ ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಫೆರಿಟಿನ್ ಎಂಬ ಪ್ರೋಟೀನಿನ ವಂಶವಾಹಿಯನ್ನು ರಸ್ತಾಳಿಗೆ ಸೇರಿಸಿದಾಗ ಎಲೆಗಳಲ್ಲಿ ಕಬ್ಬಿಣದ ಅಂಶವು ಆರು ಪಟ್ಟಿನಷ್ಟು ಹೆಚ್ಚಿತೆಂದು 2011ರಲ್ಲಿ ಪ್ರಕಟವಾಯಿತು. ಜನರು ತಿನ್ನುವುದು ಹಣ್ಣನ್ನೇ ಹೊರತು ಎಲೆಯನ್ನಲ್ಲ. ಆದುದರಿಂದ ಇದನ್ನು ಭರವಸೆಯ ಆರಂಭವೆಂದು ತಿಳಿಯಬೇಕೇ ವಿನಾ ಸಿದ್ಧ ಪರಿಹಾರವೆಂದಲ್ಲ.

ಬಾಳೆಯಲ್ಲಿಯೇ ಲಸಿಕೆಯನ್ನು ಬೆಳೆಯುವ ಕಲ್ಪನೆ ಇನ್ನಷ್ಟು ಕುತೂಹಲಕರವಾದುದು. ಬಾಳೆಹಣ್ಣನ್ನು ಬೇಯಿಸದೆ ತಿನ್ನುತ್ತಾರೆ, ಮಕ್ಕಳಿಗೂ ಇಷ್ಟ, ಸೂಜಿ ಬೇಡ, ಶೀತಲ ಪೆಟ್ಟಿಗೆ ಬೇಡ. ಹೆಪಟೈಟಿಸ್-ಬಿ ಕಾಮಾಲೆಯ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಬಾಳೆ ಗಿಡದಲ್ಲಿ ಉತ್ಪಾದಿಸಿದ ವಿವರಗಳನ್ನು ಟ್ರಾಂಬೆಯ ತಂಡವು 2005ರಲ್ಲಿ ಪ್ರಕಟಿಸಿತು. ತೊಡಕು ಎದುರಾದುದು ಪ್ರಮಾಣದಲ್ಲಿ. ಗಿಡದಲ್ಲಿ ದೊರೆತ ಪ್ರೋಟೀನನ್ನು ನ್ಯಾನೋಗ್ರಾಂಗಳಲ್ಲಿ ಅಳೆಯಬೇಕಿತ್ತು. ಮಗುವಿಗೆ ಚುಚ್ಚುವ ಲಸಿಕೆಯಲ್ಲಿ 10 ಮೈಕ್ರೋಗ್ರಾಂ, ಅಂದರೆ ಹತ್ತು ಸಾವಿರ ನ್ಯಾನೋಗ್ರಾಂ ಇರುತ್ತದೆ. ಒಂದು ಹಣ್ಣಿನಿಂದ ಇನ್ನೊಂದಕ್ಕೆ ಪ್ರಮಾಣ ಏರುಪೇರಾದರೆ ಅದನ್ನು ಔಷಧವೆಂದು ನಂಬಿ ಕೊಡಲಾಗದು. ಅಷ್ಟರಲ್ಲಿ 2011ರಿಂದ ಸಾಮಾನ್ಯ ಚುಚ್ಚುಮದ್ದಿನ ಲಸಿಕೆಯೇ ರಾಷ್ಟ್ರೀಯ ಕಾರ್ಯಕ್ರಮದಡಿ ದೇಶದ ಎಲ್ಲೆಡೆಯ ಮಕ್ಕಳಿಗೆ ಉಚಿತವಾಗಿ ದೊರೆಯತೊಡಗಿತು. ಪ್ರತಿಯೊಂದು ಸಮಸ್ಯೆಗೂ ವಂಶವಾಹಿ ತಂತ್ರವೇ ಉತ್ತಮ ಉತ್ತರವಾಗಿರಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಹೊರದೇಶಗಳ ಅನುಭವ

ಕುಲಾಂತರಿ ಹಣ್ಣು ರೈತರನ್ನು ಉಳಿಸಿದ ಪ್ರಸಿದ್ಧ ಉದಾಹರಣೆ ಅಮೆರಿಕದ ಹವಾಯಿ ದ್ವೀಪದ ಪರಂಗಿ. 1992ರಲ್ಲಿ ಅಲ್ಲಿನ ಪೂನಾ ಪ್ರದೇಶಕ್ಕೆ ಉಂಗುರ ಚುಕ್ಕೆ ವೈರಸ್ಸು ಕಾಲಿಟ್ಟು ತೋಟಗಳನ್ನು ನಾಶಪಡಿಸತೊಡಗಿತು. ಡೆನಿಸ್ ಗೊನ್ಸಾಲ್ವಿಸ್ ಎಂಬ ವಿಜ್ಞಾನಿಯ ತಂಡವು ವೈರಸ್ಸಿನದೇ ಒಂದು ವಂಶವಾಹಿಯನ್ನು ಪರಂಗಿಗೆ ಸೇರಿಸಿ ನಿರೋಧಕ ಗಿಡಗಳನ್ನು ಪಡೆಯಿತು. 1998ರಲ್ಲಿ ರೇನ್‌ಬೋ ಮತ್ತು ಸನ್‌ಅಪ್ ತಳಿಗಳು ರೈತರ ಕೈಸೇರಿದವು, ಉದ್ಯಮ ಚೇತರಿಸಿಕೊಂಡಿತು. ಆದರೆ ಮುಖ್ಯ ಗ್ರಾಹಕ ರಾಷ್ಟ್ರವಾದ ಜಪಾನು ಈ ಹಣ್ಣಿಗೆ ಅನುಮತಿ ನೀಡಿದುದು 2011ರಲ್ಲಿ. ನಡುವಿನ ಅವಧಿಯಲ್ಲಿ ಆ ಮಾರುಕಟ್ಟೆಗೆ ಕಳುಹಿಸಲು ಕುಲಾಂತರಿಯಲ್ಲದ ಹಣ್ಣನ್ನು ಬೇರೆಯಾಗಿಯೇ ಬೆಳೆಯಬೇಕಾಯಿತು. ಇದೇ ವೈರಸ್ಸು ಭಾರತದ ಪರಂಗಿ ತೋಟಗಳನ್ನೂ ಕಾಡುತ್ತಿದೆ.

ಕತ್ತರಿಸಿದಾಗ ಕಂದಾಗದ ಸೇಬು 2015ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಅನುಮತಿ ಪಡೆಯಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯವು ಟಿಆರ್-4ನ್ನು ತಡೆಯುವ ವಂಶವಾಹಿಯನ್ನು ಕಾಡುಬಾಳೆಯಿಂದ ತೆಗೆದು ಕ್ಯಾವೆಂಡಿಷ್ ಬಾಳೆಗೆ ಸೇರಿಸಿತು. ಕ್ಯುಕ್ಯಾವ್-4 ಎಂಬ ಆ ತಳಿಗೆ 2024ರಲ್ಲಿ ಆ ದೇಶ ಅನುಮತಿ ನೀಡಿತು. ಇದನ್ನು ಒಡನೆಯೇ ಮಾರುಕಟ್ಟೆಗೆ ತರುವುದಲ್ಲ, ರೋಗ ಕೈಮೀರಿದರೆ ಬಳಸಲು ಕಾಯ್ದಿರಿಸುವುದು ಅಲ್ಲಿನವರ ಉದ್ದೇಶ. ಇದೇ ವಿಶ್ವವಿದ್ಯಾಲಯದೊಡನೆ ಭಾರತವು 2012ರಲ್ಲಿ ಒಪ್ಪಂದ ಮಾಡಿಕೊಂಡು, ಬಾಳೆಯಲ್ಲಿ ಕಬ್ಬಿಣ ಮತ್ತು ಎ ಜೀವಸತ್ವದ ಮೂಲವಸ್ತುವನ್ನು ಹೆಚ್ಚಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಇದರಲ್ಲಿ ಪಾಲುಗೊಂಡ ಭಾರತೀಯ ಸಂಸ್ಥೆಗಳಲ್ಲಿ ಭಾಭಾ ಕೇಂದ್ರವೂ ಒಂದು.

ಪ್ರಯೋಗಾಲಯದಿಂದ ತೋಟಕ್ಕೆ ಇರುವ ದೂರ

ಹೀಗಿದ್ದೂ ಭಾರತದಲ್ಲಿ ಯಾವುದೇ ಕುಲಾಂತರಿ ಹಣ್ಣಿನ ಬೆಳೆಗೆ ವಾಣಿಜ್ಯ ಕೃಷಿಯ ಅನುಮತಿ ದೊರೆತಿಲ್ಲ. ಟ್ರಾಂಬೆಯಿಂದ ತೋಟಕ್ಕೆ ಬಂದ ಬಾಳೆ ವಿಕಿರಣದಿಂದ ಪಡೆದುದೇ ಹೊರತು ವಂಶವಾಹಿ ವರ್ಗಾವಣೆಯಿಂದ ಪಡೆದುದಲ್ಲ. ಒಂದೇ ಸಂಸ್ಥೆಯ ಎರಡು ದಾರಿಗಳಲ್ಲಿ ಒಂದು ಮಾತ್ರ ತೋಟವನ್ನು ಮುಟ್ಟಲು ಕಾರಣಗಳಿವೆ.

ಮೊದಲನೆಯದು ಕಾನೂನು. ಪರಿಸರ ಸಂರಕ್ಷಣಾ ಕಾಯಿದೆ, 1986ರ ಅಡಿಯಲ್ಲಿ 1989ರಲ್ಲಿ ರಚಿಸಿದ ನಿಯಮಗಳ ಪ್ರಕಾರ ವಂಶವಾಹಿ ವರ್ಗಾವಣೆಯಿಂದ ಪಡೆದ ಸಸ್ಯವನ್ನು ಹಂತಹಂತವಾಗಿ ಪರೀಕ್ಷಿಸಬೇಕು. ಪ್ರಯೋಗಾಲಯದ ಹಂತವನ್ನು ಜೈವಿಕ ತಂತ್ರಜ್ಞಾನ ಇಲಾಖೆಯ ಸಮಿತಿಯೂ, ಪರಿಸರಕ್ಕೆ ಬಿಡುವ ಹಂತವನ್ನು ತಳಿ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯೂ ಪರಿಶೀಲಿಸುತ್ತವೆ. ಉತ್ಪರಿವರ್ತಿತ ತಳಿಗಳಿಗೆ ಈ ಹಂತಗಳಿಲ್ಲ. ಅವು ಸಾಮಾನ್ಯ ತಳಿಗಳಂತೆಯೇ ಬಿಡುಗಡೆಯಾಗುತ್ತವೆ.

ಎರಡನೆಯದು ಜನರ ಸಂದೇಹಗಳು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ದೇಶದಲ್ಲಿ ವ್ಯಾಪಕವಾಗಿ ಹಬ್ಬಿತು. ಆದರೆ ಅದು ತಿನ್ನುವ ಬೆಳೆಯಲ್ಲ. ಬಿಟಿ ಬದನೆಗೆ ಸಮಿತಿಯ ಒಪ್ಪಿಗೆ ದೊರೆತಿದ್ದರೂ ಸಾರ್ವಜನಿಕ ಸಮಾಲೋಚನೆಗಳ ಬಳಿಕ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ನೀಡಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ದೊರೆತ ಅನುಮತಿಯ ವಿಷಯದಲ್ಲಿ 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು. ಹೊಸ ಪ್ರೋಟೀನಿನಿಂದ ಕೆಲವರಿಗೆ ಅಲರ್ಜಿಯಾಗಬಹುದೇ, ಸುತ್ತಲಿನ ಸಸ್ಯಗಳಿಗೆ ವಂಶವಾಹಿ ಹರಡಬಹುದೇ, ಸಸಿಗಳ ಒಡೆತನ ಕೆಲವೇ ಕಂಪನಿಗಳ ಕೈಸೇರಬಹುದೇ ಎಂಬ ಪ್ರಶ್ನೆಗಳು ಅರ್ಥವಿಲ್ಲದವುಗಳಲ್ಲ. ಇವುಗಳಿಗೆ ಒಂದೊಂದು ಬೆಳೆಯಲ್ಲಿಯೂ ಒಂದೊಂದು ವಂಶವಾಹಿಯಲ್ಲಿಯೂ ಬೇರೆಬೇರೆಯಾಗಿಯೇ ಉತ್ತರ ಹುಡುಕಬೇಕು.

ಬಾಳೆಯ ಮಟ್ಟಿಗೆ ಒಂದು ಅನುಕೂಲವಿದೆ. ಬೆಳೆಸುವ ಬಾಳೆ ಬಹುಮಟ್ಟಿಗೆ ಬಂಜೆಯಾದುದರಿಂದ ಪರಾಗದ ಮೂಲಕ ಹೊಸ ವಂಶವಾಹಿ ಹರಡುವ ಸಂಭವ ತೀರ ಕಡಿಮೆ. ಸಾಸಿವೆಯ ಅಥವಾ ಬದನೆಯ ವಿಷಯದಲ್ಲಿ ಹೀಗೆ ಹೇಳಲಾಗದು. ಆದರೆ ಅನನುಕೂಲವೂ ಇದೆ. ಹಸಿರುಮನೆಯ ಕುಂಡದಲ್ಲಿ ಕೆಲವು ತಿಂಗಳು ರೋಗವನ್ನು ತಡೆದುಕೊಂಡ ಸಸಿಯು ತೋಟದ ಬಿಸಿಲು ಮಳೆಗಳಲ್ಲಿ, ಹಲವು ಕೂಳೆ ಬೆಳೆಗಳವರೆಗೆ ಅದೇ ಗುಣವನ್ನು ಉಳಿಸಿಕೊಳ್ಳುತ್ತದೆಯೇ ಎಂಬುದನ್ನು ತೋಟದಲ್ಲಿ ನೆಡದೆ ತಿಳಿಯುವಂತಿಲ್ಲ.

ಈಚಿನ ವರ್ಷಗಳಲ್ಲಿ ಮೂರನೆಯದೊಂದು ದಾರಿ ತೆರೆದಿದೆ. ವಂಶವಾಹಿ ತಿದ್ದುಪಡಿ ಎಂಬ ಈ ತಂತ್ರದಲ್ಲಿ ಹೊರಗಿನ ವಂಶವಾಹಿಯನ್ನು ಉಳಿಸದೆ, ಗಿಡದ ಸ್ವಂತ ಡಿಎನ್ಎಯಲ್ಲಿಯೇ ಬೇಕಾದ ಸ್ಥಳದಲ್ಲಿ ಸಣ್ಣ ಬದಲಾವಣೆಯನ್ನು ಮಾಡಲಾಗುತ್ತದೆ. ವಿಕಿರಣವು ಕುರುಡಾಗಿ ಮಾಡುವ ಕೆಲಸವನ್ನು ಇದು ಗುರಿಯಿಟ್ಟು ಮಾಡುತ್ತದೆ ಎನ್ನಬಹುದು. ಬಾಳೆಯ ವಂಶವಾಹಿಗಳ ಸಂಪೂರ್ಣ ನಕ್ಷೆ 2012ರಲ್ಲಿ ಸಿದ್ಧವಾಗಿದ್ದುದು ಇದಕ್ಕೆ ನೆರವಾಯಿತು. ಮೊಹಾಲಿಯ ರಾಷ್ಟ್ರೀಯ ಕೃಷಿ ಆಹಾರ ಜೈವಿಕ ತಂತ್ರಜ್ಞಾನ ಸಂಸ್ಥೆಯು ಈ ವಿಧಾನದಿಂದ ಗ್ರ್ಯಾಂಡ್ ನೈನ್ ಬಾಳೆಯಲ್ಲಿ ಎ ಜೀವಸತ್ವದ ಮೂಲವಸ್ತುವನ್ನು ಹಲವು ಪಟ್ಟು ಹೆಚ್ಚಿಸಿದುದನ್ನು 2020ರಲ್ಲಿ ಪ್ರಕಟಿಸಿತು. ಹೊರಗಿನ ಡಿಎನ್ಎ ಉಳಿಯದ ಇಂತಹ ಸಸ್ಯಗಳಿಗೆ 1989ರ ನಿಯಮಗಳ ಕೆಲವು ಕಟ್ಟಳೆಗಳಿಂದ 2022ರ ಮಾರ್ಚಿಯಲ್ಲಿ ವಿನಾಯಿತಿ ನೀಡಲಾಗಿದೆ.

ರೈತರೂ ಗ್ರಾಹಕರೂ ತಿಳಿದಿರಬೇಕಾದುದು

ಪ್ರಯೋಗಾಲಯದ ಫಲ ಕೈಸೇರುವವರೆಗೆ ರೈತರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ರೋಗವಿರುವ ತೋಟದಿಂದ ಕಂದುಗಳನ್ನು ತರಬಾರದು. ಸೊರಗು ರೋಗವು ಹೆಚ್ಚಾಗಿ ಹರಡುವುದು ಕಂದುಗಳು, ಅವುಗಳಿಗೆ ಅಂಟಿದ ಮಣ್ಣು, ಗುದ್ದಲಿ, ಪಾದರಕ್ಷೆ ಮತ್ತು ನೀರಿನ ಮೂಲಕ. ನಂಜುರೋಗಗಳಿಲ್ಲವೆಂದು ಪರೀಕ್ಷಿಸಿದ ಅಂಗಾಂಶ ಕೃಷಿಯ ಸಸಿಗಳನ್ನು ನಂಬಿಕೆಯ ಮೂಲಗಳಿಂದ ಪಡೆಯಬೇಕು. ರೋಗ ಕಂಡ ಗಿಡವನ್ನು ಗೆಡ್ಡೆಸಹಿತ ತೆಗೆದು ನಾಶಪಡಿಸಿ, ಅದರ ಅವಶೇಷಗಳನ್ನು ನೀರಿನ ಕಾಲುವೆಗೆ ಎಸೆಯದಿರಬೇಕು. ಒಂದೇ ತಳಿಯನ್ನು ಇಡೀ ಪ್ರದೇಶದಲ್ಲಿ ಬೆಳೆಯುವ ಬದಲು ಹಲವು ತಳಿಗಳನ್ನು ಉಳಿಸಿಕೊಳ್ಳುವುದು ಲೇಸು.

ಗ್ರಾಹಕರಿಗೂ ಇದರಲ್ಲಿ ಪಾತ್ರವಿದೆ. ಮುಂಬಯಿಯ ಅಂಗಡಿಯಲ್ಲಿ ಇಂದು ದೊರೆಯುವ ಭಾರತೀಯ ಬಾಳೆಹಣ್ಣು ಕುಲಾಂತರಿಯಲ್ಲ, ಈ ಬಗ್ಗೆ ಭಯಪಡಬೇಕಾದುದಿಲ್ಲ. ಆದರೆ ಮಾರುಕಟ್ಟೆಯಲ್ಲಿ ನೋಡಲು ಅಂದವಾದ ಒಂದೇ ಬಗೆಯ ಹಣ್ಣಿಗೆ ಬೇಡಿಕೆ ಹೆಚ್ಚಿದಂತೆ ವೇಲ್ಚಿ, ರಾಜೇಳಿ, ರಸಬಾಳೆ, ಕಮಲಾಪುರದ ಕೆಂಪು ಬಾಳೆಯಂತಹ ತಳಿಗಳನ್ನು ಬೆಳೆಯುವವರು ಕಡಿಮೆಯಾಗುತ್ತಾರೆ. ಕೊಳ್ಳುವವರಿದ್ದರೆ ಬೆಳೆಯುವವರೂ ಉಳಿಯುತ್ತಾರೆ.

ವಂಶವಾಹಿ ತಂತ್ರವು ಹೊಸ ಗುಣವನ್ನು ಶೂನ್ಯದಿಂದ ಸೃಷ್ಟಿಸಲಾರದು. ಆಸ್ಟ್ರೇಲಿಯದ ಬಾಳೆಯನ್ನು ಕಾಪಾಡಿದ ವಂಶವಾಹಿ ದೊರೆತದ್ದು ಯಾರೂ ತಿನ್ನದ, ಬೀಜ ತುಂಬಿದ ಒಂದು ಕಾಡುಬಾಳೆಯಲ್ಲಿ. ಆ ಕಾಡುಬಾಳೆ ಅಳಿದುಹೋಗಿದ್ದರೆ ಎಂತಹ ಪ್ರಯೋಗಾಲಯವೂ ಅದನ್ನು ಮರಳಿ ತರಲಾಗುತ್ತಿರಲಿಲ್ಲ. ಆದುದರಿಂದ ಟ್ರಾಂಬೆಯ ಹಸಿರುಮನೆಯಲ್ಲಿ ನಡೆಯುವ ಕಾರ್ಯವೂ, ನಂಜನಗೂಡಿನ ರೈತನು ಹಿತ್ತಿಲಿನಲ್ಲಿ ಉಳಿಸಿಕೊಂಡಿರುವ ನಾಲ್ಕು ರಸಬಾಳೆ ಗಿಡಗಳೂ ಒಂದೇ ಕಾರ್ಯದ ಎರಡು ಭಾಗಗಳು. ತಳಿ ಉಳಿದರೆ ಮಾತ್ರ ಅದನ್ನು ಸುಧಾರಿಸುವ ಮಾತು.